ಹೆಸರು ಕೆರೆಯುವವನ ಮಗಳು

ಇವೆಟ್ ಪಿನ್ನಕ್‌ಳ ಮನೆಯಿಂದ ಹೊರಡುವ ಹಾಡಿನ ಟೇಪಿನ ಡಬ್ಬಿಗೆ ಆರು ಮುಖದಲ್ಲೂ ಅವಳ ಹೆಸರಿರುತ್ತದೆ. ಮೇಲೆ, ಕೆಳಗೆ, ನಾಲ್ಕೂ ಬದಿಗೆ, ದಪ್ಪ ಕಪ್ಪು ಮಸಿಯಲ್ಲಿ. ಹಡರ್ಸ್‌ಫೀಲ್ಡಿನ ಅಂಚೆ ಕಚೇರಿಯ ಹೆಂಗಸು ಪ್ರತಿ ಸಲವೂ ಕೆಣಕುತ್ತಾಳೆ: "ವಿಳಾಸ ಬರೆಯೋಕೆ ಒಂಚೂರು ಜಾಗ ಬಿಡು ತಾಯಿ, ಇಲ್ದಿದ್ರೆ ಇದು ವಾಪಸ್ ನಿಮ್ಮನೆಗೇ ಬರತ್ತೆ." ಇವೆಟ್ ನಗುತ್ತಾಳೆ, ಒಂದು ಮುಖವನ್ನೂ ಬಿಟ್ಟುಕೊಡುವುದಿಲ್ಲ. ಇದನ್ನು ಜಂಬ ಎನ್ನುವವರಿದ್ದಾರೆ. ಅವರೆಲ್ಲ ಹುಟ್ಟಿದಾಗಿನಿಂದ ತಮ್ಮ ಹೆಸರನ್ನು ಯಾರೂ ಮುಟ್ಟದೆ ಬದುಕಿದವರು.

ಅವಳ ಅಪ್ಪ ಆಸ್ಬರ್ಟ್ ಜಮೈಕಾದಿಂದ ಹಡಗು ಹತ್ತಿ ಇಂಗ್ಲೆಂಡಿಗೆ ಬಂದ ಬಡಗಿ. ಹಗಲು ಬೇರೆಯವರ ಮನೆಗೆ ಕಿಟಕಿ ಕೂರಿಸುತ್ತಿದ್ದ, ಸಂಜೆ ತನ್ನ ಮನೆಯ ನೆಲಮಾಳಿಗೆಯಲ್ಲಿ ಆಳೆತ್ತರದ ಸ್ಪೀಕರ್ ಪೆಟ್ಟಿಗೆ ಕಟ್ಟುತ್ತಿದ್ದ. ಪೆಟ್ಟಿಗೆಗಳು, ಆಂಪ್ಲಿಫೈಯರು, ರೆಕಾರ್ಡುಗಳು, ಹೊರುವ ನಾಲ್ಕು ಜನ, ಎಲ್ಲ ಸೇರಿದರೆ ಒಂದು 'ಸೌಂಡು', ಕುಣಿತದ ಕೂಟಗಳಿಗೆ ಹೋಗಿ ಹಾಡು ಹಾಕುವ ತಂಡ. ಆಸ್ಬರ್ಟನ ಸೌಂಡಿಗೆ 'ಹೈ ಜಡ್ಜ್' ಎಂದು ಹೆಸರು. ಆ ಹೆಸರನ್ನು ಅವನೇ ಕುಂಚ ಹಿಡಿದು ಪ್ರತಿ ಪೆಟ್ಟಿಗೆಯ ಮೇಲೂ ಚಿನ್ನದ ಬಣ್ಣದಲ್ಲಿ ಬರೆದಿದ್ದ. ನಾಲ್ಕನೆಯ ಪೆಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಅದರ ಬೆನ್ನಿನ ಹಲಗೆ ನೆರೆಮನೆಯವರು ಬೀದಿಗೆಸೆದ ಬೀರುವಿನದು. ಹಲಗೆಯ ಒಂದು ಮೊಳೆ ಸಡಿಲಾಗಿ, ಗುದ್ದಿದರೆ ದಬ್ ಎಂದ ಬೆನ್ನಿಗೇ ಚಿಣ್ ಎನ್ನುತ್ತಿತ್ತು. ಬಡಗಿಯಾದರೂ ಆಸ್ಬರ್ಟ್ ಆ ಮೊಳೆ ಬಿಗಿಸಲಿಲ್ಲ. "ಅದು ನನ್ ಪೆಟ್ಟಿಗೆ ದನಿ ಕಣ್ರೋ. ಮನುಷ್ಯರಿಗೆ ಗೊಗ್ಗರು ಗಂಟಲು ಇರಲ್ವಾ?" ಎನ್ನುತ್ತಿದ್ದ.

ಸೌಂಡಿನವರ ಲೋಕದಲ್ಲಿ ಒಂದು ಕಟ್ಟಳೆಯಿತ್ತು. ಒಳ್ಳೆಯ ರೆಕಾರ್ಡು ಕೈಗೆ ಬಂತೋ, ಮೊದಲು ಅದರ ಲೇಬಲ್ ಕೆರೆದು ಹಾಕಬೇಕು. ಯಾವ ಹಾಡು, ಯಾರು ಹಾಡಿದ್ದು ಎಂದು ಎದುರಾಳಿಗೆ ತಿಳಿದರೆ ಮರುದಿನ ಅವನೂ ಕೊಂಡು ತರುತ್ತಾನೆ. ಆಸ್ಬರ್ಟ್ ಒಂದು ಹಳೆಯ ಅರ್ಧಪೆನ್ನಿ ನಾಣ್ಯದಿಂದ ಕೆರೆಯುತ್ತಿದ್ದ. ಅಂಚು ಸವೆದು ಅದು ಬಿಲ್ಲೆಯಂತಾಗಿತ್ತು. ಲೀಡ್ಸ್‌ನ ಲಿನ್‌ಫರ್ಡ್ ಎಂಬ ಇನ್ನೊಬ್ಬ ಸೌಂಡಿನವನು ಮೂವತ್ತು ವರ್ಷ ಅವನ ಎದುರಾಳಿ. ಯಾವ ಕುಣಿತಕ್ಕೆ ಹೋದರೂ ಲಿನ್‌ಫರ್ಡ್ ಕತ್ತು ಚಾಚಿ ತಿರುಗುವ ರೆಕಾರ್ಡನ್ನು ಇಣುಕುವುದು, "ಯಾವ್ದೋ ಅದು ಹಾಡು?" ಎಂದು ಕೂಗುವುದು, ಆಸ್ಬರ್ಟ್ ಮೈಕಿನಲ್ಲೇ "ನಿಮ್ಮಜ್ಜಿನ ಕೇಳು ಹೋಗು" ಎನ್ನುವುದು, ಜನ ನಗುವುದು. ಇದು ತಪ್ಪಿದ ಕುಣಿತವೇ ಇರಲಿಲ್ಲ.

ಇವೆಟ್ ಬೆಳೆದದ್ದು ಈ ಕೆರೆತದ ಪುಡಿಯಲ್ಲೇ. ಶಾಲೆ ಮುಗಿದ ಮೇಲೆ ಉಣ್ಣೆ ಮಿಲ್ಲಿಗೆ ಸೇರಿದಳು. ಮಗ್ಗದಿಂದ ಬಂದ ಬಟ್ಟೆಯ ಮೇಲೆ ಬೆರಳಾಡಿಸಿ, ಎಲ್ಲಿ ಎಳೆ ತಪ್ಪಿದೆ ಎಂದು ಹುಡುಕಿ ಸೂಜಿಯಿಂದ ಸರಿಪಡಿಸುವ ಕೆಲಸ. ಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಹಾಡು ಕಟ್ಟಲು, ಸದ್ದು ಹಿಡಿದಿಟ್ಟು ಮತ್ತೆ ನುಡಿಸುವ ಒಂದು ಹಳೆಯ ಯಂತ್ರ ಇಟ್ಟುಕೊಂಡಿದ್ದಳು. ಅದು ಹತ್ತು ಹನ್ನೆರಡು ಸೆಕೆಂಡಿಗಿಂತ ಹೆಚ್ಚು ಸದ್ದನ್ನು ನೆನಪಿಡುತ್ತಿರಲಿಲ್ಲ. ಅದಕ್ಕೇ ಸದ್ದನ್ನು ಜೋರು ವೇಗದಲ್ಲಿ ಓಡಿಸಿ ತುಂಬಿಕೊಂಡು, ಒಳಗೆ ನಿಧಾನ ಮಾಡುತ್ತಿದ್ದಳು. ಹಾಗೆ ಮಾಡಿದಾಗ ಸದ್ದಿಗೆ ಒರಟು ಕಂಬಳಿಯ ಗುಣ ಬರುತ್ತಿತ್ತು. ಡೋಲು ಬೇಕಾದಾಗ ನೆಲಮಾಳಿಗೆಗೆ ಹೋಗಿ ನಾಲ್ಕನೆಯ ಪೆಟ್ಟಿಗೆಯ ಬೆನ್ನಿಗೆ ಗುದ್ದಿ ಹಿಡಿದುಕೊಂಡಳು, ದಬ್-ಚಿಣ್.

ತನ್ನ ಮೊದಲ ರೆಕಾರ್ಡನ್ನು ತಾನೇ ಮುನ್ನೂರು ಪ್ರತಿ ಒತ್ತಿಸಿ, ಚೀಲದಲ್ಲಿ ಹೊತ್ತು, ಬಸ್ಸಿನಲ್ಲಿ ಅಂಗಡಿ ಅಂಗಡಿ ತಿರುಗಿ ಮಾರಿದಳು. ಲೇಬಲ್ ಬಿಳಿ, ಅದರ ಮೇಲೆ ಮನೆಯ ಫೋನ್ ನಂಬರಿನ ಮುದ್ರೆ ಮಾತ್ರ. ಹೆಸರು ಹಾಕಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ತಿಂಗಳೊಳಗೆ ಲಂಡನ್ನಿನ ಒಂದು ಕಂಪನಿಯಿಂದ ಫೋನು ಬಂತು. ಎತ್ತಿದ ಅಮ್ಮ ಮರ್ಲೀನ್ ಯಾರೋ ಕಿಟಕಿ ಮಾರುವವರು ಎಂದುಕೊಂಡಳು. "ನಮಗೆ ಹೊಸ ಕಿಟಕಿ ಬೇಡಪ್ಪ, ಮನೇಲೇ ಬಡಗಿ ಇದಾನೆ" ಎಂದು ಎರಡು ಸಲ ಇಟ್ಟುಬಿಟ್ಟಳು. ಮೂರನೆಯ ಸಲಕ್ಕೆ ವಿಷಯ ಗೊತ್ತಾಯಿತು: ಕಂಪನಿಯ ಹಾಡುಗಾರ್ತಿಯೊಬ್ಬಳ ಹಾಡನ್ನು ಇವೆಟ್ ಕುಣಿಯುವವರಿಗಾಗಿ ಹೊಸದಾಗಿ ಕಟ್ಟಿಕೊಡಬೇಕು.

ಇದೇ ರೀಮಿಕ್ಸ್. ಹಾಡಿನ ದನಿಯೊಂದನ್ನು ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಎಸೆದು, ಬೇರೆ ಗೋಡೆ, ಬೇರೆ ಸೂರು ಕಟ್ಟುವ ಕೆಲಸ. ಕಟ್ಟಿದವರ ಹೆಸರು ಹಾಡಿನ ಹೆಸರಿನ ಮುಂದೆ ಕಂಸದೊಳಗೆ ಬರುತ್ತದೆ. ಆ ಕಂಸವೇ ಅವರ ಮನೆ, ಅದೇ ಹೊಲ. ಮುಂದಿನ ಕೆಲಸ ಬರುವುದು ಅದನ್ನು ನೋಡಿಯೇ.

ಇವೆಟ್ ಮೂರು ವಾರ ರಜಾ ಹಾಕಿ ದುಡಿದಳು. ಹಾಡುಗಾರ್ತಿ ಒಂದು ಸಾಲಿಗೆ ಮುಂಚೆ ಎಳೆದುಕೊಂಡ ಉಸಿರನ್ನೇ ಹಿಡಿದು ತಾಳ ಮಾಡಿದಳು, ಅದರಡಿ ದಬ್-ಚಿಣ್ ಇಟ್ಟಳು. ಟೇಪನ್ನು ಡಬ್ಬಿಗೆ ಹಾಕಿ ಲಂಡನ್ನಿಗೆ ಕಳಿಸಿದಳು. ಡಬ್ಬಿಯ ಮೇಲೆ ಕಂಪನಿಯ ವಿಳಾಸವಿತ್ತು. ಅವಳ ಹೆಸರಿರಲಿಲ್ಲ. ಹೆಸರು ಕೆರೆಯುವವನ ಮನೆಯಲ್ಲಿ ಬೆಳೆದ ಕೈಗೆ ಹೆಸರು ಬರೆಯುವ ಅಭ್ಯಾಸವೇ ಇರಲಿಲ್ಲ.

ಏಪ್ರಿಲ್‌ನಲ್ಲಿ ರೆಕಾರ್ಡು ಊರಿನ ಅಂಗಡಿಗೆ ಬಂತು. ಅಂಗಡಿಯಲ್ಲೇ ನಿಂತು ಕೇಳಿದಳು. ಉಸಿರು ಅದೇ, ದಬ್-ಚಿಣ್ ಅದೇ, ಒಂದೆಳೆಯೂ ಬದಲಾಗಿರಲಿಲ್ಲ. ಲೇಬಲ್ ನೋಡಿದಳು. ಕಂಸದೊಳಗೆ 'ಡಾಮಿನಿಕ್ ಫೇನ್ ಮಿಕ್ಸ್' ಎಂದಿತ್ತು. ಆ ಫೇನ್ ಲಂಡನ್ನಿನಲ್ಲಿ ಆಗಲೇ ಹೆಸರಾಗಿದ್ದವನು. ಇವೆಟ್‌ಳಿಗೆ ಅಳು ಬರಲಿಲ್ಲ. ಮನೆಗೆ ಹೋಗಿ ತಿರುಪುಳಿ ತೆಗೆದುಕೊಂಡು ನೆಲಮಾಳಿಗೆಗೆ ಇಳಿದಳು.

ಮರುದಿನ ಬೆಳಿಗ್ಗೆ ನಾಲ್ಕನೆಯ ಪೆಟ್ಟಿಗೆಯ ಬೆನ್ನಿನ ಹಲಗೆ ಹಾಸಿಗೆಯ ಹೊದಿಕೆಯಲ್ಲಿ ಸುತ್ತಿಕೊಂಡು ಲಂಡನ್ ರೈಲಿನಲ್ಲಿತ್ತು. ಟಿಕೆಟ್ ನೋಡುವವನು ಕೇಳಿದ, "ಏನಮ್ಮ, ಬಾಗಿಲು ಹೊತ್ಕೊಂಡು ಹೊರಟಿದೀಯ?"

"ಅಲ್ಲಿ ನಂಗ್ಯಾರೂ ಬಾಗಿಲು ತೆಗಿಯೋ ಹಂಗಿಲ್ಲ. ಅದಕ್ಕೇ ನಂದೇ ತಗೊಂಡು ಹೋಗ್ತಿದೀನಿ" ಎಂದಳು ಇವೆಟ್.

ಕಂಪನಿಯ ಯಜಮಾನ ಜೂಲಿಯನ್ ಒಳ್ಳೆಯ ಮಾತಿನವನು. ಕಾಫಿ ತರಿಸಿದ. "ಡಬ್ಬಿ ಮೇಲೆ ಹೆಸರೇ ಇರ್ಲಿಲ್ಲ, ಇವೆಟ್. ಅದೇ ವಾರ ಡಾಮಿನಿಕ್‌ಗೂ ಇದೇ ಹಾಡು ಕೊಟ್ಟಿದ್ವಿ. ಅವನದೇ ಇರ್ಬೇಕು ಅಂದ್ಕೊಂಡ್ವಿ. ಕೇಳಿದ್ರೆ ಅವನೂ ಇಲ್ಲ ಅನ್ಲಿಲ್ಲ. ಡೋಲು ತನ್ನ ಯಂತ್ರದ್ದೇ ಅಂದ."

"ಹಾಗಾ? ಹಾಕಿ ನೋಡಣ."

ಜೂಲಿಯನ್ ರೆಕಾರ್ಡು ಹಾಕಿದ. ಇವೆಟ್ ಹಲಗೆಯನ್ನು ಅವನ ಮೇಜಿಗೆ ಒರಗಿಸಿ ಮುಷ್ಟಿಯಿಂದ ಗುದ್ದತೊಡಗಿದಳು. ಪೆಟ್ಟಿಗೆ ಬಿಟ್ಟು ಬಂದ ಹಲಗೆಯ ದಬ್ ತುಸು ತೆಳುವಾಗಿತ್ತು, ಆದರೆ ಬೆನ್ನಿಗೇ ಬರುವ ಚಿಣ್ ಹಾಡಿನೊಳಗಿನದೇ. ಪಕ್ಕದ ಕೋಣೆಯವರೆಲ್ಲ ಬಾಗಿಲಿಗೆ ಬಂದು ನಿಂತರು. ಹಾಡು ಮುಗಿಯುವತನಕ ಅವಳು ನಿಲ್ಲಿಸಲಿಲ್ಲ. ಬೆರಳ ಗೆಣ್ಣು ಕೆಂಪಾಗಿತ್ತು.

"ಸರಿ, ನಿಂದೇ" ಎಂದ ಜೂಲಿಯನ್, ಬಾಗಿಲಲ್ಲಿದ್ದವರನ್ನು ಕಳಿಸಿ. "ಆದ್ರೆ ಅಚ್ಚಾಗಿ ಹೋಗಿದೆಯಲ್ಲ. ಒಂದು ಚೆಕ್ ಕೊಡ್ತೀನಿ, ಮುಂದಿನ ಸಲ ನೋಡಣ. ಹೆಸರನ್ನ ಯಾರು ಓದ್ತಾರೆ ಹೇಳು? ಜನ ಬರೋದು ಕುಣಿಯೋಕೆ."

"ಯಾರೂ ಓದಲ್ಲ ಅಂದ್ರೆ ಅವನದ್ಯಾಕೆ ಹಾಕಿದ್ರಿ?"

ಜೂಲಿಯನ್ ಚೆಕ್ ಬರೆದು ಅವಳ ಕಡೆಗೆ ಸರಿಸಿದ. ಇವೆಟ್ ಚೆಕ್ಕನ್ನು ಕಾಫಿ ಬಟ್ಟಲಿನ ಕೆಳಗಿಟ್ಟು, ಹಲಗೆ ಹೊತ್ತು ಎದ್ದಳು.

ಭಾನುವಾರದ ಊಟದ ಹೊತ್ತಿಗೆ ಮನೆಯಲ್ಲಿ ಜಗಳವಾಯಿತು. ಮರ್ಲೀನ್ ತೆಂಗಿನಹಾಲಿನಲ್ಲಿ ಬೇಯಿಸಿದ ಕಾಳಿನ ಅನ್ನ ಬಡಿಸುತ್ತಿದ್ದಳು. ಆಸ್ಬರ್ಟ್ ತಟ್ಟೆಯ ಪಕ್ಕದಲ್ಲೇ ಒಂದು ಹೊಸ ರೆಕಾರ್ಡಿಟ್ಟುಕೊಂಡು ಅರ್ಧಪೆನ್ನಿಯಿಂದ ಕೆರೆಯುತ್ತಿದ್ದ.

"ಬಿಟ್ಟಾಕು ಮಗಳೇ. ಸದ್ದು ನಿಂದು ಅಂತ ನಂಗೊತ್ತು, ನಿಂಗೊತ್ತು. ಹೆಸರು ಕಟ್ಕೊಂಡು ಏನಾಗ್ಬೇಕು?"

"ಲಂಡನ್ನಲ್ಲಿ ಅವನೂ ಇದೇ ಹೇಳ್ದ, ಅಪ್ಪ. ಅವನ ಕುರ್ಚಿ ನಿನ್ನದಕ್ಕಿಂತ ಮೆತ್ತಗಿತ್ತು, ಅಷ್ಟೇ."

"ಏಯ್, ಯಾರಿಗೆ ಯಾರನ್ನ ಹೋಲಿಸ್ತಿದೀಯ? ನಾನು ಬಚ್ಚಿಟ್ಟೆ. ಅವನು ಕದ್ದ."

"ಬಚ್ಚಿಟ್ಟಿದ್ದು ಯಾರ ಹೆಸರು? ನಿಂದಲ್ಲ. ನಿನ್ ಸೌಂಡಿನ ಹೆಸರು ಪೆಟ್ಟಿಗೆ ಮೇಲೆ ಚಿನ್ನದ ಬಣ್ಣದಲ್ಲಿದೆ. ಹಾಡಿದೋರದ್ದು, ಬಾರಿಸಿದೋರದ್ದು ಮೂವತ್ತು ವರ್ಷ ಕೆರೆದೆ. ಅವರೂ ಯಾರದೋ ಮಕ್ಕಳೇ ಅಲ್ವಾ ಅಪ್ಪ?"

ಆಸ್ಬರ್ಟನ ಕೈ ನಿಂತಿತು. ತಟ್ಟೆಯನ್ನು ಹಾಗೇ ಬಿಟ್ಟು ನೆಲಮಾಳಿಗೆಗೆ ಇಳಿದುಹೋದ. "ಅನ್ನದ ಮುಂದಿಂದ ಎಬ್ಬಿಸಿದ್ಯಲ್ಲೇ" ಎಂದು ಮರ್ಲೀನ್ ಬೈದಳು. ಅವನ ತಟ್ಟೆ ಮುಚ್ಚಿಡುತ್ತ, "ಮಾತು ಮಾತ್ರ ಸರಿಯಾಗೇ ಆಡ್ದೆ" ಎಂದಳು. ಇವೆಟ್‌ಳಿಗೆ ಅಪ್ಪನನ್ನು ನೋಯಿಸಿದ್ದಕ್ಕೆ ಸಂಕಟವಾಯಿತು. ಆಡಿದ ಮಾತಿಗೆ ಪಶ್ಚಾತ್ತಾಪವಾಗಲಿಲ್ಲ.

ಮಿಲ್ಲಿನಲ್ಲಿ ಬಟ್ಟೆಯ ಸುರುಳಿಗೆ ಅಂಟಿಸುವ ಚೀಟಿಗಳಿರುತ್ತವೆ, ಬೆನ್ನಿಗೆ ಗೋಂದು ಬಳಿದವು. ಮೇಲ್ವಿಚಾರಕಿಯನ್ನು ಕೇಳಿ ಒಂದು ಕಟ್ಟು ತಂದಳು. ಬಾಲ್‌ಪೆನ್ನಿನಿಂದ ಇಪ್ಪತ್ತು ಚೀಟಿಗೆ ತನ್ನ ಹೆಸರು ಬರೆಯುವಷ್ಟರಲ್ಲಿ ಅಕ್ಷರ ಸೊಟ್ಟಗಾಗಿ ಕೈ ಸೋತಿತು. ಬೆಳಿಗ್ಗೆ ಎದ್ದು ಅಡುಗೆಮನೆಗೆ ಬಂದರೆ ಆಸ್ಬರ್ಟ್ ಕನ್ನಡಕ ಹಾಕಿಕೊಂಡು, ಪೆಟ್ಟಿಗೆಗೆ ಬರೆಯುವ ಸಣ್ಣ ಕುಂಚ ಹಿಡಿದು ಕೂತಿದ್ದ. ಮೇಜಿನ ತುಂಬ ಚೀಟಿಗಳು ಒಣಗುತ್ತಿದ್ದವು. ಪ್ರತಿಯೊಂದರಲ್ಲೂ ಚಿನ್ನದ ಬಣ್ಣದಲ್ಲಿ 'ಇವೆಟ್ ಪಿನ್ನಕ್ ಮಿಕ್ಸ್'.

"ನಿನ್ ಕೈಬರಹ ಕೋಳಿ ಕೆದರಿದ ಹಂಗಿದೆ. ಅಂಥದ್ದನ್ನ ಅಂಟಿಸಿದ್ರೆ ನನ್ ಮಾನ ಹೋಗತ್ತೆ" ಎಂದ, ತಲೆ ಎತ್ತದೆ.

ಆ ಶನಿವಾರ ಅಪ್ಪ ಮಗಳು ವ್ಯಾನಿನಲ್ಲಿ ಹೊರಟರು. ಹಡರ್ಸ್‌ಫೀಲ್ಡ್, ಹ್ಯಾಲಿಫ್ಯಾಕ್ಸ್, ಬ್ರಾಡ್‌ಫರ್ಡ್, ಲೀಡ್ಸ್. ಕೇಳಿದ ಕಡೆಯೆಲ್ಲ ಅಂಗಡಿಯವರು ಪ್ರತಿಗಳನ್ನು ಮುಂದಿಟ್ಟರು. ಬಸ್ಸಿನಲ್ಲಿ ಚೀಲ ಹೊತ್ತು ಬರುತ್ತಿದ್ದವಳು ಅವರಿಗೆಲ್ಲ ಗೊತ್ತಿದ್ದಳು. ನಾಲಿಗೆಯಿಂದ ಗೋಂದು ನೆನೆಸಿ ಫೇನನ ಹೆಸರಿನ ಮೇಲೆ ಸರಿಯಾಗಿ ಕೂರಿಸಿದರು. ಹ್ಯಾಲಿಫ್ಯಾಕ್ಸಿನ ಮುದುಕ ಅಂಗಡಿಯವನೊಬ್ಬ ಮಾತ್ರ ಅಳುಕಿದ: "ಹಿಂಗ್ ಮಾಡೋದು ತಪ್ಪಲ್ವೇನಮ್ಮ?"

"ಹೂಂ, ತಪ್ಪೇ. ಅದಕ್ಕೇ ತಿದ್ತಿದೀನಿ."

ಮುಂದೆ ಅಂಗಡಿಯವರು "ಚಿನ್ನದ ಚೀಟಿಯದ್ದೇ ಕಳಿಸಿ" ಎಂದು ಲಂಡನ್ನಿಗೆ ಫೋನು ಮಾಡತೊಡಗಿ, ಎರಡನೆಯ ಅಚ್ಚಿನಲ್ಲಿ ಕಂಪನಿಯವರೇ ಅವಳ ಹೆಸರು ಹಾಕಬೇಕಾಯಿತು. ಅಲ್ಲಿಂದ ಈಚೆಗೆ ನಲವತ್ತಕ್ಕೂ ಹೆಚ್ಚು ಹಾಡುಗಳ ಕಂಸದೊಳಗೆ ಅವಳಿದ್ದಾಳೆ. ಆದರೆ ಇವೆಟ್‌ಳನ್ನು ಕೇಳಿದರೆ ಅವಳು ಗೆದ್ದ ದಿನ ಅದಲ್ಲ. ಅದಕ್ಕೂ ಮೊದಲು, ಮೇ ತಿಂಗಳ ರಜೆಯ ಸೋಮವಾರ, ವೆಸ್ಟ್ ಇಂಡಿಯನ್ನರ ಕ್ಲಬ್ಬಿನಲ್ಲಿ ನಡೆದದ್ದು.

ಮಧ್ಯಾಹ್ನ ಮೂರರ ಹೊತ್ತು. ಹೈ ಜಡ್ಜ್ ಒಂದು ಗೋಡೆಗೆ, ಲೀಡ್ಸ್‌ನವರು ಎದುರು ಗೋಡೆಗೆ. ನಾಲ್ಕನೆಯ ಪೆಟ್ಟಿಗೆಗೆ ಬೆನ್ನು ಮತ್ತೆ ಕೂತಿತ್ತು, ಮೊಳೆ ಸಡಿಲಾಗಿಯೇ ಇತ್ತು. ಆಸ್ಬರ್ಟ್ ರೆಕಾರ್ಡಿಟ್ಟ. ಹಾಡುಗಾರ್ತಿ ಉಸಿರೆಳೆದಳು, ದಬ್-ಚಿಣ್ ಶುರುವಾಯಿತು. ಸದ್ದು ತಾನು ಹುಟ್ಟಿದ ಪೆಟ್ಟಿಗೆಯಿಂದಲೇ ಹೊರಬಂದಾಗ ನೆಲದ ಹಲಗೆಗಳು ಎದ್ದು ಕೂತವು. ಜನ ಅಂಗೈಯಿಂದ ಗೋಡೆ ಬಡಿಯತೊಡಗಿದರು. ಮೊದಲಿಂದ ಹಾಕು ಎಂದು ಅದರರ್ಥ.

ಲಿನ್‌ಫರ್ಡ್ ಕತ್ತು ಚಾಚಿಯೇ ಬಂದ. "ಆಸ್ಬರ್ಟ್! ಯಾವ್ದೋ ಅದು ಹಾಡು?"

ಜನ ನಗಲು ಬಾಯಿ ತೆರೆದು ಕಾದರು. ಆಸ್ಬರ್ಟ್ ರೆಕಾರ್ಡಿನ ಮೇಲಿನ ಮುಳ್ಳನ್ನು ಎತ್ತಿದ. ರೆಕಾರ್ಡನ್ನು ಕೈಯಲ್ಲಿ ಹಿಡಿದು, ಚಿನ್ನದ ಚೀಟಿ ಕಾಣುವಂತೆ ತಲೆಯ ಮೇಲೆತ್ತಿ, ಎಲ್ಲರ ಕಡೆಗೂ ತಿರುಗಿಸಿ ತೋರಿಸಿದ. ಆಮೇಲೆ ಮೈಕು ಬಾಯಿಗಿಟ್ಟುಕೊಂಡ.

"ಪೆನ್ನು ಇದ್ರೆ ತೆಗಿಯೋ ಲಿನ್‌ಫರ್ಡ್. ಮೂವತ್ತು ವರ್ಷದಿಂದ ಕೇಳ್ತಿದೀಯ, ಇವತ್ತು ಹೇಳ್ತೀನಿ, ಬರ್ಕೊ. ಇವೆಟ್ ಪಿನ್ನಕ್. ನನ್ ಮಗಳು. ಸರಿಯಾಗಿ ಬರ್ದ್ಯೋ ಇಲ್ವೋ, ಎಲ್ಲಿ, ಓದು ನೋಡಣ."

ಲಿನ್‌ಫರ್ಡ್ ಓದಿದ, ಎಲ್ಲರಿಗೂ ಕೇಳುವಂತೆ. ಆಸ್ಬರ್ಟ್ ರೆಕಾರ್ಡನ್ನು ತಿರುಗುವ ತಟ್ಟೆಯ ಮೇಲಿಟ್ಟು, ಮುಳ್ಳನ್ನು ಮಗಳ ಕೈಗೆ ಬಿಟ್ಟ. ಇವೆಟ್ ಅದನ್ನು ಹಾಡಿನ ಮೊದಲಿಗೇ ಇಳಿಸಿದಳು.