ಮೂರು ತುಂಡಿನ ಆಶೀರ್ವಾದ

ನನ್ನ ಗಂಡ ಕುವೈತಿನ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಪೈಪ್ ಜೋಡಿಸುವ ಕೆಲಸದಲ್ಲಿದ್ದರು. ಅಲ್ಲಿಗೆ ಬಂದಿದ್ದ ಜಪಾನಿ ಎಂಜಿನಿಯರ್ ಒಬ್ಬರಿಂದ ಅವರು ಕಲಿತದ್ದು ಒಂದೇ ಪದ: ತ್ಸುನಾಗು. ಜೋಡಿಸು ಎಂದರ್ಥ. ಆಮೇಲೆ ಮನೆಯಲ್ಲಿ ಅದರದ್ದೇ ಕಾರುಬಾರು. ಚಪ್ಪಲಿಯ ಬಾರು ಕಿತ್ತರೂ ತ್ಸುನಾಗು, ಜಪಮಾಲೆ ಹರಿದರೂ ತ್ಸುನಾಗು. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಕಳೆದ ವರ್ಷ ಅವರು ಹೋದರು. ಈ ವರ್ಷ ಮಗಳ ಮದುವೆ. ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಮದುವೆಯ ಮುನ್ನಾದಿನ ರೋಸ್ ಎಂಬ ಶಾಸ್ತ್ರ. ತೆಂಗಿನ ಹಾಲು ಹಚ್ಚುವ ಮೊದಲು ತಂದೆ ತಾಯಿ ಮಕ್ಕಳ ತಲೆಯ ಮೇಲೆ ಕೈಯಿಟ್ಟು 'ದೇವ್ ಬರೆಂ ಕರುಂ', ದೇವರು ಒಳ್ಳೆಯದು ಮಾಡಲಿ, ಎನ್ನಬೇಕು. ಅಪ್ಪನ ಸ್ವರದಲ್ಲೇ ಅವಳು ಅದನ್ನು ಕೇಳಬೇಕೆಂದು ನನಗೆ ಹಟ. ಆದರೆ ತಲೆ ಮುಟ್ಟಿ ಹೇಳುವ ಮಾತನ್ನು ಯಾರು ರೆಕಾರ್ಡ್ ಮಾಡಿಡುತ್ತಾರೆ?

ಮೈದಾನ್ ಹವಲ್ಲಿಯ ಫ್ಲ್ಯಾಟಿನಲ್ಲಿ, ಸದ್ದಾಗುತ್ತದೆಂದು ಎ.ಸಿ. ಆರಿಸಿ, ಬೆವರು ಒರೆಸಿಕೊಳ್ಳುತ್ತಾ ಅವರ ವಾಟ್ಸಾಪ್ ವಾಯ್ಸ್ ಮೆಸೇಜುಗಳನ್ನೆಲ್ಲ ಕೇಳಿದೆ. 'ಖಲಾಸ್, ಹೊರಟೆ' ಎಂಬಂಥವೇ ಹೆಚ್ಚು. ನನ್ನ ಮೀನು ಸಾರನ್ನು ಹೊಗಳಿದ್ದರಲ್ಲಿ 'ಬರೆಂ' ಸಿಕ್ಕಿತು. ಗೆಳೆಯನಿಗೆ ಹುಟ್ಟುಹಬ್ಬದಂದು ಹರಸಿದ್ದರಲ್ಲಿ ಮೊದಲ ಭಾಗ ಗದ್ದಲದಲ್ಲಿ ಮುಳುಗಿ 'ಕರುಂ' ಮಾತ್ರ ಉಳಿದಿತ್ತು. 'ದೇವ್' ಸ್ಪಷ್ಟವಾಗಿ ಸಿಕ್ಕಿದ್ದು ಕೊನೆಯ ಮೆಸೇಜಿನಲ್ಲಿ. ಎದೆ ಹಿಡಿದಂತಾಗುತ್ತಿದೆ, ಮನೆಗೆ ಬಂದು ಮಲಗುತ್ತೇನೆ ಎಂದು ಕಾರಿನಿಂದ ಕಳಿಸಿದ್ದು. ಕೊನೆಗೆ, 'ದೇವ್ ಆಸಾ, ಭಿಯೆನಾಕಾ.' ದೇವರಿದ್ದಾನೆ, ಹೆದರಬೇಡ. ಅವರು ಮನೆ ತಲುಪಲಿಲ್ಲ. ಆ ಮೆಸೇಜನ್ನು ಮಗಳಿಗೆ ನಾನು ಇಂದಿಗೂ ಕೇಳಿಸಿಲ್ಲ.

ಒಂದೇ ಪದ ತಾನೇ, ಏನಾಗುತ್ತದೆ ಎಂದುಕೊಂಡೆ. ಕತ್ತರಿಸಿ ಜೋಡಿಸಿದೆ. ಗಂಡನಿಗಿಂತ ಒಳ್ಳೆಯ ಫಿಟ್ಟರ್ ನಾನೇ ಎಂದು ಸ್ವಲ್ಪ ಜಂಬವೂ ಬಂತು.

ರೋಸಿನ ದಿನ ಬೆಳಿಗ್ಗೆ ಮಗಳಿಗೆ ಕೇಳಿಸಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಇನ್ನೊಮ್ಮೆ ಹಾಕಲು ಹೇಳಿದಳು.

"ಕಶೆಂ ಜಾಲಾಂ?" ಹೇಗಾಗಿದೆ ಎಂದು ಕೇಳಿದೆ.

ಕೊಂಕಣಿಯಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರಿಸುವವಳು ಅವಳು. "ಮಮ್ಮಿ, ದ ಫಸ್ಟ್ ವರ್ಡ್... ಡ್ಯಾಡಿ ವಾಸ್ ಇನ್ ಪೇನ್, ನೋ?"

ನಾನು ಫೋನನ್ನು ಕಪಾಟಿನೊಳಗಿಟ್ಟೆ.

ಸಂಜೆ ಎಲ್ಲರೆದುರು ಅವಳ ತಲೆಯ ಮೇಲೆ ಕೈಯಿಟ್ಟು ಬಾಯಿ ತೆರೆದೆ. ಬಂದದ್ದು ಅವರ 'ದೇವ್'. ಅದೇ ಏದುಸಿರು, ಅದೇ ನೋವು. ನಾನು ಬೇಕೆಂದು ಹಾಗೆ ಹೇಳಲಿಲ್ಲ. ಉಳಿದ ಎರಡು ಪದ ಹೇಳುವ ಮೊದಲೇ ಮಗಳು ತಲೆಯೆತ್ತಿ, ಅಪ್ಪ ಬಂದರೇನೋ ಎಂಬಂತೆ, ನನ್ನ ಹಿಂದೆ, ಬಾಗಿಲಿನ ಕಡೆ ನೋಡಿದಳು.