ಗೆದ್ದವನು ತಿರುಗಿ ನಿಲ್ಲಬೇಕು

ವಿಠೋಬಾ ಮಾಸ್ತರರು ಕೊನೆಯವರೆಗೂ ಸಾವನ್ನು ಬೇಡಲಿಲ್ಲ, ದೇವರು ಕರೆದಾಗ ನಗುತ್ತ ಹೋದರು ಎಂದು ಹಳಿಯಾಳದಲ್ಲಿ ಎಲ್ಲರೂ ಹೇಳುತ್ತಾರೆ. ಶಾಲೆಯ ಶೋಕಸಭೆಯಲ್ಲಿಯೂ ಇದನ್ನೇ ಹೇಳಿದರು. ಶುದ್ಧ ಸುಳ್ಳು. ಮಾಸ್ತರರು ಬೇಡಿದರು. ಗಟ್ಟಿಯಾಗಿ, ಕ್ರಮವಾಗಿ, ಒಂದನೆಯದು ಎರಡನೆಯದು ಎಂದು ಬೆರಳು ಮಡಚಿ ಬೇಡಿದರು. ನಡುನಡುವೆ ಗಂಟೆಯನ್ನೂ ಬಾರಿಸಿದರು.

ಆ ಗಂಟೆಯಿಲ್ಲದೆ ಮಾಸ್ತರರಿಲ್ಲ. ದಾಂಡೇಲಿಯ ಕಾಡಿನಲ್ಲಿ ಮರದ ನಾಟಾ ಎಳೆಯುತ್ತಿದ್ದ ಯಾವುದೋ ಎತ್ತಿನ ಕೊರಳಿನದು. ಶಾಲೆಯ ಶನಿವಾರದ ಚರ್ಚಾಕೂಟದಲ್ಲಿ ಹೊತ್ತು ಮೀರಿ ಮಾತಾಡಿದವನ ಕಿವಿಯ ಹತ್ತಿರವೇ ಅದನ್ನು ಬಾರಿಸುತ್ತಿದ್ದರು. ಅವರದೊಂದು ನಿಯಮವಿತ್ತು: ಗೆದ್ದವನು ಮುಂದಿನ ಶನಿವಾರ ಎದುರು ಪಕ್ಷ ಹಿಡಿಯಬೇಕು. ಎತ್ತಿನ ಚಕ್ಕಡಿಗಿಂತ ಮೋಟಾರು ಮೇಲೆಂದು ಗೆದ್ದು ಬೀಗುತ್ತಿದ್ದ ನನಗೆ ಮರುವಾರ ಚಕ್ಕಡಿಯ ಪರ ನಿಲ್ಲು ಎಂದರು. ಅನ್ಯಾಯ ಎಂದೆ.

“ಲೇ ವಕೀಲಾ, ಎದುರಿನಾಂವನ ಜಾಗಾದಾಗ ನಿಂತ ನೋಡು. ನಿನ್ನ ಮಾತು ಎಷ್ಟು ಪೊಳ್ಳು ಅಂಬೂದು ಅಲ್ಲಿಂದ ಛಲೋ ಕಾಣತೈತಿ.”

ಯುದ್ಧದ ಕಾಲ. ನಾನು ಧಾರವಾಡದ ಕಾಲೇಜಿನಿಂದ ಚರ್ಚೆಯ ಬಹುಮಾನದ ಬಟ್ಟಲು ಹಿಡಿದು ರಜೆಗೆ ಬಂದಾಗ ಮಾಸ್ತರರ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಉಪಾಯವಿಲ್ಲವೆಂದು ಬೆಳಗಾವಿಯ ಡಾಕ್ಟರು ಮನೆಗೆ ಕಳಿಸಿದ್ದರು. ಮಾಸ್ತರರ ಬಾಲ್ಯದ ಗೆಳೆಯ, ದವಾಖಾನೆಯ ಕಂಪೌಂಡರ್ ದಸ್ತಗೀರ್ ಚಾಚಾ ದಿನವೂ ಸಂಜೆ ಬಂದು ನೋವಿನ ಔಷಧವನ್ನು ಹನಿ ಎಣಿಸಿ ಕುಡಿಸುತ್ತಿದ್ದರು. ಬಾಟ್ಲಿ ಮಾತ್ರ ತಿರುಗಿ ಅವರ ಕೋಟಿನ ಕಿಸೆಗೇ ಹೋಗುತ್ತಿತ್ತು.

“ಪೂರಾ ಬಾಟ್ಲಿ ಕೊಟ್ಟ ಬಿಡೋ ದಸ್ತಗೀರಾ,” ಎಂದರು ಮಾಸ್ತರರು ಒಂದು ಸಂಜೆ.

“ತೌಬಾ ತೌಬಾ! ಅದೇನ ಶರಬತ್ತೇನೋ?”

“ಚರ್ಚಾ ಮಾಡೂಣು. ನೀ ಸೋತರ ಕೊಡಬೇಕು. ನನ್ನ ಕಡಿಂದ ಈ ವಕೀಲ ನಿಂದರತಾನ.”

ಎಷ್ಟೋ ದಿನದ ಮೇಲೆ ಮಾಸ್ತರರ ಮುಖ ಅರಳಿದ್ದನ್ನು ಕಂಡು ಚಾಚಾ ಹೂಂ ಎಂದುಬಿಟ್ಟರು.

ಶನಿವಾರ ಮಂಚವೇ ಅಧ್ಯಕ್ಷಪೀಠವಾಯಿತು. ಗುಣವಾಗದ ಬೇನೆ, ಅನುಭವಿಸುವವರು ಮಾಸ್ತರರು. ಸಾಕು ಎನ್ನುವ ಹಕ್ಕೂ ಅವರದೇ ಎಂದು ನಾನು ವಾದಿಸಿದೆ.

“ನಿನ್ನೆ ನೀ ನಕ್ಕಿ,” ಎಂದರು ಚಾಚಾ. “ನಗೂ ಮನಿಷ್ಯಾಗ ನಾ ಹೆಂಗ ಕೊಡ್ಲಿ?”

“ನಿನ್ನ ಮಾರಿ ನೋಡಿ ನಕ್ಕೆ. ಅದು ಚರ್ಚಾದ ಮುದ್ದಾ ಅಲ್ಲ.” ಗಂಟೆ.

“ಫಿರ್ಯಾದಿನೂ ನೀನ, ಜಡ್ಜೂ ನೀನ! ಇದ್ಯಾವ ನ್ಯಾಯ?”

“ಮತ್ತ ಬ್ಯಾನಿ ಯಾರದೋ?”

ನಾನು ಗೆದ್ದೆ. ಮಾಸ್ತರರು ಕೈ ಚಾಚಿದರು. ಚಾಚಾ ನಿಧಾನವಾಗಿ ಕೋಟಿನ ಗುಂಡಿ ಹಾಕಿಕೊಂಡರು.

“ನಿನ್ನ ಕಾಯ್ದೆ ಏನೋ? ಗೆದ್ದಾಂವ ಮುಂದಿನ ವಾರ ತಿರುಗಿ ನಿಂದರಬೇಕು. ಎರಡೂ ಕಡೆ ಕೇಳದ ತೀರ್ಪ ಇಲ್ಲ.”

ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವಿಗೋ ನೋವಿಗೋ, ಕಣ್ಣಲ್ಲಿ ನೀರು ಬಂದಿತ್ತು.

ಮರುವಾರ ನಾನು ಎದುರು ನಿಂತೆ. ಬೇಡುತ್ತಿರುವವರು ಮಾಸ್ತರರೋ, ಅವರ ನೋವೋ, ತಿಳಿಯುವುದು ಹೇಗೆ ಎಂದೆ. “ಬ್ಯಾನಿ ಬಂದಾಂವಗ ಬುದ್ಧಿ ಹೋಗತೈತೇನಲೇ?” ಎಂದು ರೇಗಿದರೂ ಗೆಲುವನ್ನು ನನಗೇ ಕೊಟ್ಟರು. ಏಕೆಂದರೆ ಕೊಡಬೇಕೆಂದು ವಾದಿಸುವ ಪಾಳಿ ಚಾಚಾನದು. “ಕೊಡಬೇಕು… ಯಾಕಂದ್ರ… ಹೊರಗ ಮಳಿ ಭಾಳ ಐತಿ.”

“ಸೋಲಾಕಂತನ ಆಡಾಕತ್ತೀಯಲ್ಲೋ ಕಳ್ಳಾ!”

ಎರಡೂ ಕಡೆಗೆ ಒಂದೊಂದು ಗೆಲುವು, ಸರಿಸಮ, ತೀರ್ಪಿಲ್ಲ. ಹೀಗೇ ಆರು ಶನಿವಾರ ಕಳೆದವು. ಕಾಲೇಜು ಶುರುವಾದರೂ ನಾನು ಹೋಗಲಿಲ್ಲ. ನನ್ನ ವಾದಗಳಿಂದಲೇ ಮಾಸ್ತರರು ಬದುಕಿದ್ದಾರೆಂಬ ಜಂಬ ನನಗಿತ್ತು.

ಏಳನೆಯ ಶನಿವಾರ ಕೊಡಬೇಕೆಂಬ ಪಾಳಿ ನನ್ನದು. ಮಾಸ್ತರರಿಗೆ ಮಾತು ನಿಂತಿತ್ತು. ಹನಿಗಳಿಗೆ ನೋವು ಜಗ್ಗುತ್ತಿರಲಿಲ್ಲ. ಚಾಚಾನ ಕೋಟಿನ ಗುಂಡಿಗಳು ಬಿಚ್ಚಿದ್ದವು. ಬಾಟ್ಲಿ ಮೊದಲ ಸಲ ಕಿಸೆ ಬಿಟ್ಟು ಮಂಚದ ಪಕ್ಕದ ಸ್ಟೂಲಿನ ಮೇಲೆ ಬಂದು ಕೂತಿತ್ತು. ನಾನು ಎದ್ದು ನಿಂತೆ. ಒಂದು ಮಾತೂ ಬರಲಿಲ್ಲ. ಚಾಚಾನೂ ಏಳಲಿಲ್ಲ. ಮಾಸ್ತರರು ಕಾದರು, ಕಾದು ಗಂಟೆಯನ್ನು ಒಂದೇ ಸಲ, ಮೆಲ್ಲಗೆ ಬಾರಿಸಿ, ಅದನ್ನು ನನ್ನ ಕೈಗಿಟ್ಟು ಮನೆಗೆ ಹೋಗೆಂದು ಸನ್ನೆ ಮಾಡಿದರು. ಚಾಚಾ ಅಲ್ಲೇ ಉಳಿದರು.

ಭಾನುವಾರ ಬೆಳಿಗ್ಗೆ ಸುದ್ದಿ ಬಂತು.

ಧಾರವಾಡಕ್ಕೆ ಹೊರಡುವ ದಿನ ದವಾಖಾನೆಗೆ ಹೋದೆ. ಚಾಚಾ ನನಗೆ ಬೆನ್ನು ಮಾಡಿ ಔಷಧ ಅಳೆಯುವ ಗಾಜು ತೊಳೆಯುತ್ತಿದ್ದರು. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದರು.

“ಚಾಚಾ, ಅವತ್ತು ನಾ ಸುಮ್ಮನ ನಿಂತೆ. ಅದನ್ನ ನೀವು ಯಾವ ಕಡೆ ಹಿಡದ್ರಿ?”