ಎತ್ತಿನ ಕಣ್ಣಿಗೆ ಹೊಡೆದ ದೀಪ

ನಮ್ಮ ಮನೆಯವರ ಹತ್ತಿರ ಒಂದು ಹಳೆಯ ಕಾರು ಇತ್ತು. ಮುಂದೆ ಎರಡು ಗುಂಡನೆಯ ದೀಪ. ಎದುರಿಗೆ ಬಂದವರ ಕಣ್ಣಿಗೆ ಹೊಡೆಯದಿರಲಿ ಎಂದು ಆ ದೀಪಗಳ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿದಿತ್ತು. ಆಗ ಎಲ್ಲ ಗಾಡಿಗಳಿಗೂ ಹಾಗೇ. ಅಥಣಿ, ರಾಯಬಾಗ, ಉಗಾರದ ಸಕ್ಕರೆ ಫ್ಯಾಕ್ಟರಿ, ಇಷ್ಟೇ ಅದರ ತಿರುಗಾಟ. ಅದಕ್ಕಿಂತ ಆಚೆ ಹೋದದ್ದನ್ನು ನಾನಂತೂ ಕಂಡಿಲ್ಲ.

ತೊಂಬತ್ತರ ಆಚೀಚೆ ಅದೇ ಕಾರಿನ ಹೊಸ ಮಾಡೆಲ್ ಬಂತು, ಚೌಕನೆಯ ದೀಪದ್ದು. ಬೀಗರೊಬ್ಬರು ಅದನ್ನು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದ ದಿನದಿಂದ ನಮ್ಮವರಿಗೆ ಊಟ ಸೇರಲಿಲ್ಲ. ಮಿರಜಿಗೆ ಹೋಗಿ ಹೊಸ ಮಾಡೆಲ್ಲಿನ ದೀಪಗಳನ್ನೇ ತಂದರು. ಕಾಗವಾಡದ ಮಿಸ್ತ್ರಿಯನ್ನು ಮನೆಗೆ ಕರೆಸಿದರು. ಗುಂಡನೆಯ ತೂತಿನಲ್ಲಿ ಚೌಕ ದೀಪ ಕೂರುತ್ತದೆಯೇ? ಗಟ್ಟಿಮುಟ್ಟಾದ ತಗಡನ್ನು ಕೊಯ್ದರು, ಪುಟ್ಟಿ ಮೆತ್ತಿದರು, ಉಜ್ಜಿದರು, ಬಣ್ಣ ಹೊಡೆದರು. ಮೂರು ದಿನ ನನ್ನ ಅಂಗಳದ ತುಂಬ ತಗಡಿನ ಚೂರು. ಹಿಟ್ಟಿನ ಮೇಲೂ ಬಣ್ಣದ ವಾಸನೆ. ಇಬ್ಬರಿಗೂ ನಾನೇ ಚಹಾ ಕಾಸಿ ಕೊಡಬೇಕು.

"ಕಂಪನಿಯಿಂದನ ಬಂದಂಗ ಕಾಣಬೇಕ ನೋಡ ಮಿಸ್ತ್ರಿ," ಎಂದರು ನಮ್ಮವರು.

"ಕಂಪನ್ಯಾವ್ರ ಬಂದ್ರೂ ಗುರ್ತ ಹಿಡಿಯಂಗಿಲ್ರಿ ಮಾಲಕ್ರ."

"ಕಪ್ಪ ಬಣ್ಣಾ ಹಚ್ಚಂಗಿಲ್ಲೇನ್ರಿ?" ಎಂದು ನಾನು ಕೇಳಿದೆ.

"ಹೊಸಾ ಕಾಜಿಗೆ ಯಾರರ ಮಸಿ ಬಳೀತಾರೇನ?" ಎಂದರು ನಮ್ಮವರು.

ಸಂಜೆ ಮುಂದೆ ಕಾರನ್ನು ದನದ ಕೊಟ್ಟಿಗೆಯ ಗೋಡೆಗೆ ಎದುರಾಗಿ ನಿಲ್ಲಿಸಿದರು. ಆ ಗೋಡೆಗೆ ನಾನು ಆಗಷ್ಟೇ ಸುಣ್ಣ ಹಚ್ಚಿದ್ದೆ. ಅದರ ಮೇಲೆ ಮಿಸ್ತ್ರಿ ಇದ್ದಿಲಿನಿಂದ ಗೆರೆ ಎಳೆದ. ದೀಪ ಹಾಕಿ, ಸ್ಕ್ರೂ ತಿರುವಿ, ಬೆಳಕು ಗೆರೆಗೆ ಬಂದ ಕೂಡಲೇ ಎಲ್ಲ ಸಮ ಆಯಿತು ಎಂದ. ಕಾರಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಮ್ಮ ಕಾರು ಹಾಗೆ ಖಾಲಿ ಎಂದಾದರೂ ಹೋದದ್ದುಂಟೇ?

"ಹಿಂದ ಮಂದಿ ಕುಂದ್ರಿಸಿ ನೋಡ್ರಿ," ಎಂದೆ. "ಚಕ್ಕಡಿಗೆ ಹಿಂದ ಹೇರು ಹೆಚ್ಚಾದ್ರ ನೊಗಾ ಮ್ಯಾಲೇಳತೈತಿ. ಇದರ ಮೂತೀನೂ ಏಳತೈತಿ."

"ಇದು ಚಕ್ಕಡಿ ಅಲ್ಲ, ಕಾರ. ನೀ ಹೋಗಿ ದನದ ಹೆಂಡಿ ಬಳಿ."

ಮಿಸ್ತ್ರಿ ಹಲ್ಲು ಕಿರಿದ. ತಂಬಾಕು ತಿಂದು ತಿಂದು ಕೊಳೆತ ಹಲ್ಲು.

ಎಂಟು ದಿನ ಕಳೆದಿರಬೇಕು. ನಾನು ಚಕ್ಕಡಿಯಲ್ಲಿ ಮೇವು ಹೇರಿಕೊಂಡು ಹೊಲದಿಂದ ಬರುತ್ತಿದ್ದೆ. ಹೊತ್ತು ಮುಳುಗಿತ್ತು. ರಾಯಬಾಗದಿಂದ ಏಳು ಮಂದಿ ನೆಂಟರನ್ನು ತುಂಬಿಕೊಂಡು ನಮ್ಮವರು ಎದುರಿಗೆ ಬಂದರು. ಕಾರಿನ ಹಿಂಭಾಗ ನೆಲಕ್ಕೆ ಕುಸಿದಿತ್ತು, ಮೂತಿ ಆಕಾಶಕ್ಕೆ. ಬೆಳಕು ನೇರ ಎತ್ತಿನ ಕಣ್ಣಿಗೆ ಹೊಡೆಯಿತು. ಎಡಗಡೆಯ ಎತ್ತು ಬೆದರಿ ಕಾಲುವೆಯ ಕಡೆ ಜಿಗಿದು ಮೊಣಕಾಲೂರಿ ಬಿತ್ತು. ಚಕ್ಕಡಿ ಓರೆಯಾಗಿ ಮೇವೆಲ್ಲ ನನ್ನ ಮೈಮೇಲೆ.

"ಯಾರಲೇ ಅದು? ದಾರಿ ಬಿಡಾಕ ಬರಂಗಿಲ್ಲೇನ?"

"ನಾ ಅದೀನ್ರಿ, ನಿಮ್ಮ ಹೇಂತಿ."

ಒಳಗೆ ಯಾರೋ ಕಿಸಕ್ಕೆಂದು ನಕ್ಕರು. ನಮ್ಮವರು ಇಳಿದು ಬಂದರು. ನನ್ನ ಹತ್ತಿರವೂ ಅಲ್ಲ, ಎತ್ತಿನ ಹತ್ತಿರವೂ ಅಲ್ಲ. ಟಾವೆಲ್ಲಿನಿಂದ ದೀಪದ ಮೇಲಿನ ಕೆಸರು ಒರೆಸಿದರು. ಅದನ್ನು ನೆನೆದರೆ ಇವತ್ತಿಗೂ ನನಗೆ ಹೇಸಿಗೆ ಬರುತ್ತದೆ.

ಎತ್ತಿನ ಮೊಣಕಾಲಿನ ಗಾಯ ಮಾಯಿತು. ಅದರ ಹೆದರಿಕೆ ಮಾಯಲಿಲ್ಲ. ಕತ್ತಲಾದ ಮೇಲೆ ಎದುರಿಗೆ ಯಾವ ಬೆಳಕು ಕಂಡರೂ ನಾಲ್ಕೂ ಕಾಲು ಊರಿ ನಿಂತುಬಿಡುತ್ತಿತ್ತು. ಕಬ್ಬಿನ ಹಂಗಾಮಿನಲ್ಲಿ ಬೆಳಕು ಹರಿಯುವ ಮೊದಲೇ ಉಗಾರಕ್ಕೆ ಚಕ್ಕಡಿ ಹೂಡಬೇಕು. ಕತ್ತಲಲ್ಲಿ ನಡೆಯದ ಎತ್ತು ಯಾರಿಗೆ ಬೇಕು?

"ಮಾರಿಬಿಡೂಣು ಅದನ್ನ," ಎಂದರು ನಮ್ಮವರು.

"ಎತ್ತ ಯಾಕ ಮಾರ್ತೀರಿ? ದೀಪಾ ಮಾರ್ರಿ."

ಆ ಎತ್ತು ನಮ್ಮ ಕೊಟ್ಟಿಗೆಯಲ್ಲಿ ಹುಟ್ಟಿದ್ದು. ಅದರ ಜೋಡಿಗೆ ಬೇರೆ ಎತ್ತು ಹೊಂದುತ್ತಿರಲಿಲ್ಲ. ನಾನು ಬಾಯಿ ಬಡಿದುಕೊಳ್ಳುತ್ತ ಕೂರಲಿಲ್ಲ, ಮಿಸ್ತ್ರಿಗೆ ಹೇಳಿಕಳಿಸಿದೆ. ಅವನು ಬಂದ ಮೇಲೆ ಎತ್ತನ್ನು ಅದೇ ಗೋಡೆಯ ಪಕ್ಕ ನಿಲ್ಲಿಸಿ, ಅದರ ಕಣ್ಣಿನ ಎತ್ತರಕ್ಕೆ ಹೆಂಡಿಯಿಂದ ಒಂದು ಬೊಟ್ಟು ಇಟ್ಟೆ. ಓಣಿಯ ನಾಲ್ಕು ಹೆಂಗಸರನ್ನು ಕರೆದು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದೆ. ಡಿಕ್ಕಿಗೆ ಎರಡು ಹಿಂಡಿ ಚೀಲ ಹಾಕಿಸಿದೆ.

"ಹಚ್ಚ ಈಗ ದೀಪಾ."

ಬೆಳಕು ಬೊಟ್ಟಿಗಿಂತ ಒಂದು ಮೊಳ ಮೇಲೆ ಹೋಗಿ ನಿಂತಿತು. ಮಿಸ್ತ್ರಿ ತಲೆ ಕೆರೆದುಕೊಂಡ. "ಹೌದ್ ನೋಡ್ರಿ ಅಕ್ಕಾರ," ಎಂದ. ಈ ಸಲ ಹಲ್ಲು ಕಿರಿಯಲಿಲ್ಲ. ಬೆಳಕು ಬೊಟ್ಟಿನಿಂದ ಒಂದು ಮೊಳ ಕೆಳಗಿಳಿಯುವ ತನಕ ನಾನು ಅವನನ್ನು ಏಳಗೊಡಲಿಲ್ಲ.

ಆಮೇಲೆ ಎತ್ತಿನ ಹೆದರಿಕೆ ಬಿಡಿಸಲೆಂದು ದಿನಾ ಸಂಜೆ ಕತ್ತಲಿಗೆ ನಾನು ಚಕ್ಕಡಿ ಹೂಡಿಕೊಂಡು ಬರುವುದು, ನಮ್ಮವರು ಮಂದಿ ತುಂಬಿಕೊಂಡು ಎದುರಿಗೆ ಬರುವುದು. ಗೊಣಗುತ್ತಲೇ ಬಂದರು. ನಾಲ್ಕು ದಿನ ಎತ್ತು ನಿಂತಿತು. ಐದನೆಯ ದಿನ ಕಿವಿ ನಿಮಿರಿಸಿ, ಮೂಸಿ, ಕಾರನ್ನು ದಾಟಿ ನಡೆಯಿತು. ನಮ್ಮವರು ಕಿಟಕಿಯಿಂದ ತಲೆ ಹಾಕಿದರು.

"ಸಮಾಧಾನ ಆತಿಲ್ಲ ನಿನಗ? ನನಗ ದೂರದ್ದ ಏನೂ ಕಾಣವಲ್ದು."

"ದೂರ ಎಲ್ಲಿಗೆ ಹೊಂಟೀರಿ? ಮುಂದಿನ ಎತ್ತ ಕಂಡ್ರ ಸಾಕು."

ಮರುದಿನವೇ ಬೀಗರ ಮುಂದೆ, ದೀಪ ಇಳಿಸುವ ಯುಕ್ತಿ ತನಗೇ ಹೊಳೆಯಿತು ಎಂದು ಹೇಳಿದರು. ಎತ್ತು ಆ ಹಂಗಾಮು ಪೂರ್ತಿ ದುಡಿಯಿತು, ಮುಂದೆ ಇನ್ನೂ ಆರು ಹಂಗಾಮು ದುಡಿಯಿತು. ಆದರೆ ಅಂಗಳದಲ್ಲಿ ನಿಂತ ಆ ಕಾರಿನ ಮೂತಿಯ ಮುಂದೆ ಹಾಯುವಾಗಲೆಲ್ಲ ಹೆದರಿ ಹೆಂಡಿ ಹಾಕುತ್ತಿತ್ತು. ಅದನ್ನು ಬಳಿದು ತೆಗೆದವಳು ನಾನು.